ಚದರಡಿಗೆ ಎಷ್ಟು ಎಂದು ಕೇಳುವ ಮುಂಚೆ

“ಚದರಡಿಗೆ ಎಷ್ಟು ಹಿಡೀತೀರ್ರಿ?” ಸಂತೆಕಲ್ಲೂರಿನಲ್ಲಾಗಲಿ, ಮಸ್ಕಿ, ಸಿಂಧನೂರಿನಲ್ಲಾಗಲಿ, ದೊಡ್ಡ ತಗಡಿನ ಶೆಡ್ಡು ಹಾಕಿಸಲು ಹೊರಟವರು ಗುತ್ತೇದಾರನಿಗೆ ಕೇಳುವ ಮೊದಲ ಮಾತು ಇದು. ಬಹಳ ಸಲ ಕೊನೆಯ ಮಾತೂ ಇದೇ ಆಗಿರುತ್ತದೆ. ಒಬ್ಬ ಒಂದು ದರ ಹೇಳುತ್ತಾನೆ, ಇನ್ನೊಬ್ಬ ಅದಕ್ಕಿಂತ ಇಪ್ಪತ್ತು ರೂಪಾಯಿ ಇಳಿಸುತ್ತಾನೆ, ಮುಂಗಡ ಎರಡನೆಯವನ ಕೈಸೇರುತ್ತದೆ. ಇಬ್ಬರೂ ಹೇಳಿದ್ದು ಒಂದೇ ಕಟ್ಟಡದ ದರವೇ ಎಂದು ವಿಚಾರಿಸುವವರು ಅಪರೂಪ.

ಈ ಭಾಗದಲ್ಲಿ ಉಕ್ಕಿನ ಕಟ್ಟಡಗಳು ಏಕೆ ಹೆಚ್ಚುತ್ತಿವೆ ಎಂಬುದನ್ನು ವಿವರಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದಲ್ಲಿ ಭತ್ತ ಬಂತು, ಭತ್ತದ ಹಿಂದೆ ಅಕ್ಕಿ ಗಿರಣಿ ಬಂತು, ಗಿರಣಿಯ ಹಿಂದೆ ಗೋದಾಮು. ನೀರು ತಲುಪದ ಎರೆ ಹೊಲಗಳಲ್ಲಿ ಹತ್ತಿ, ತೊಗರಿ, ಕಡಲೆ. ಅವಕ್ಕೂ ನೆರಳು ಬೇಕು. ನಡುವೆ ಕಂಬವಿಲ್ಲದೆ ಅರವತ್ತು, ಎಂಬತ್ತು ಅಡಿ ಅಗಲದ ಜಾಗ, ಲಾರಿ ನೇರವಾಗಿ ಒಳಗೆ ಹೋಗಿ ತಿರುಗಿ ಬರುವಷ್ಟು ಎತ್ತರ, ಕೆಲವೇ ತಿಂಗಳಲ್ಲಿ ಮುಗಿಯುವ ಕೆಲಸ: ಇಷ್ಟನ್ನು ಕಾಂಕ್ರೀಟಿನಲ್ಲಿ ಇದೇ ಹಣಕ್ಕೆ ಮಾಡಲಾಗದು. 2020ರಲ್ಲಿ ಶುರುವಾದ ಕೇಂದ್ರದ ಕೃಷಿ ಮೂಲಸೌಕರ್ಯ ನಿಧಿಯಡಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ, ಗರಿಷ್ಠ 7 ವರ್ಷದವರೆಗೆ ಸಿಗುತ್ತದೆ. ಬ್ಯಾಂಕು ಅಂದಾಜುಪಟ್ಟಿ ಕೇಳುತ್ತದೆ. ಗುತ್ತೇದಾರ ಕೊಟ್ಟ ಒಂದು ಹಾಳೆಯ ಕೊಟೇಶನ್ನೇ ಅಂದಾಜುಪಟ್ಟಿಯಾಗಿಬಿಡುತ್ತದೆ.

ಸಂತೆಕಲ್ಲೂರು ಘನಮಠ ಶಿವಯೋಗಿಗಳ ಊರು. ಒಕ್ಕಲುತನವನ್ನೇ ವಸ್ತು ಮಾಡಿಕೊಂಡು ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದವರು ಅವರು. ಬೆಳೆಯುವುದಕ್ಕೂ ಒಂದು ಶಾಸ್ತ್ರ ಇದೆ ಎಂದು ಅಷ್ಟು ಹಿಂದೆಯೇ ಒಪ್ಪಿಕೊಂಡ ಸೀಮೆಯಲ್ಲಿ, ಬೆಳೆದದ್ದನ್ನು ಕಾಯುವ ಕಟ್ಟಡವನ್ನು ಮಾತ್ರ ನಾವು ಬಾಯಿಮಾತಿನ ಮೇಲೆ ನಿಲ್ಲಿಸುತ್ತೇವೆ.

ತಕ್ಕ ಗುತ್ತೇದಾರನನ್ನು ಗುರುತಿಸುವುದು ಹೇಗೆ? ಇಲ್ಲಿಯೇ ಮೊದಲ ತೊಡಕು. ಗೋದಾಮಿಗೆ ವೈರಿಂಗ್ ಮಾಡಿಸಬೇಕಾದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಗುತ್ತಿಗೆದಾರ ಬೇಕು. ಅವನ ಸಹಿ ಇಲ್ಲದೆ ಜೆಸ್ಕಾಂನವರು ಸಂಪರ್ಕ ಕೊಡುವುದಿಲ್ಲ. ಆ ವೈರು ಹೊತ್ತು ನಿಂತ ನೂರು ಅಡಿ ಉದ್ದದ ಉಕ್ಕಿನ ಚೌಕಟ್ಟನ್ನು ನಿಲ್ಲಿಸುವವನಿಗೆ ಅಂಥ ಪ್ರತ್ಯೇಕ ಲೈಸೆನ್ಸು ಯಾವುದೂ ಇಲ್ಲ. ವಿಸಿಟಿಂಗ್ ಕಾರ್ಡಿನ ಮೇಲೆ ‘ಪಿಡಬ್ಲ್ಯುಡಿ ಕ್ಲಾಸ್ ಒನ್’ ಎಂದಿದ್ದರೆ ಅದು ಆತ ಎಷ್ಟು ಮೊತ್ತದ ಸರ್ಕಾರಿ ಕಾಮಗಾರಿಗೆ ಟೆಂಡರ್ ಹಾಕಬಹುದು ಎಂಬುದನ್ನಷ್ಟೇ ಹೇಳುತ್ತದೆ. ಆತ ರಸ್ತೆ, ಮೋರಿ ಕೆಲಸದಲ್ಲಿ ಪಳಗಿದವನಿರಬಹುದು, ಉಕ್ಕಿನಲ್ಲಿ ಹೊಸಬನಿರಬಹುದು. ಹಾಗಾಗಿ ಪರೀಕ್ಷೆ ಮಾಡುವ ಹೊಣೆ ಕಟ್ಟಿಸುವವನ ಮೇಲೆಯೇ ಬೀಳುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ಎಮ್ಮೆ ಕಟ್ಟುವ ಪತ್ರಾಸಿನ ಕೊಟ್ಟಿಗೆಗೆ, ಒಂದು ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿಗೆ ಇಷ್ಟೆಲ್ಲ ಬೇಕಿಲ್ಲ. ಊರ ವೆಲ್ಡಿಂಗ್ ಅಂಗಡಿಯವರೇ ಪೈಪು ಕೂಡಿಸಿ ಚೆನ್ನಾಗಿ ಮಾಡಿಕೊಡುತ್ತಾರೆ. ತೊಂದರೆ ಶುರುವಾಗುವುದು ಅದೇ ಅಂದಾಜನ್ನು ಅರವತ್ತು ಅಡಿಗೆ ಎಳೆದಾಗ. ಅಗಲ ಎರಡು ಪಟ್ಟಾದರೆ ತೊಲೆಯನ್ನು ಬಾಗಿಸುವ ಶಕ್ತಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. ಕಣ್ಣಳತೆಗೆ ಇದು ದಕ್ಕುವುದಿಲ್ಲ.

ಈಗ ಎಲ್ಲರ ಬಾಯಲ್ಲೂ ಇರುವ ‘ಪಿಇಬಿ’, ಅಂದರೆ ಪ್ರೀ-ಎಂಜಿನಿಯರ್ಡ್ ಕಟ್ಟಡದ ವಿಷಯ ಇನ್ನೂ ನಾಜೂಕು. ಕಾರ್ಖಾನೆಯಲ್ಲಿ ಉಕ್ಕಿನ ಹಲಗೆ ಕತ್ತರಿಸಿ ‘ಐ’ ಆಕಾರಕ್ಕೆ ಬೆಸೆಯುತ್ತಾರೆ. ಬಲ ಹೆಚ್ಚು ಬೀಳುವ ಕಡೆ ತೊಲೆ ಅಗಲ, ಕಡಿಮೆ ಬೀಳುವ ಕಡೆ ಕಿರಿದು. ಒಂದೊಂದು ತುಂಡಿಗೂ ನಂಬರ್ ಬಿದ್ದು ಲಾರಿಯಲ್ಲಿ ಬರುತ್ತದೆ, ಸ್ಥಳದಲ್ಲಿ ಬೋಲ್ಟು ಬಿಗಿದು ನಿಲ್ಲಿಸಬೇಕು. ಬೇಡದ ಕಡೆಯ ಉಕ್ಕನ್ನೆಲ್ಲ ಲೆಕ್ಕ ಹಾಕಿ ತೆಗೆದಿರುವುದರಿಂದಲೇ ಅದು ಅಗ್ಗ. ಹಳೆಯ ಕಾಲದ ಮೇಸ್ತ್ರಿ ‘ಇರಲಿ’ ಎಂದು ಸೇರಿಸುತ್ತಿದ್ದ ಹೆಚ್ಚುವರಿ ಬಲ ಅದರಲ್ಲಿ ಇರುವುದಿಲ್ಲ. ಓರೆಯಾಗಿ ಕಟ್ಟುವ ಬ್ರೇಸಿಂಗ್ ಸರಳು ನಾಲ್ಕು ಉಳಿದವು ಎಂದು ಗುತ್ತೇದಾರ ಮನೆಗೆ ಒಯ್ದರೆ ಅವು ಉಳಿದದ್ದಲ್ಲ, ಕಟ್ಟಡದಿಂದ ಕಳೆದದ್ದು.

ಗಾಳಿಯಿಂದ ಶುರು ಮಾಡೋಣ, ಏಕೆಂದರೆ ನಮ್ಮಲ್ಲಿ ಶೆಡ್ಡು ಕೆಡಿಸುವ ಮೊದಲ ಶತ್ರು ಅದೇ. ಏಪ್ರಿಲ್, ಮೇ ತಿಂಗಳಲ್ಲಿ ಸಂಜೆ ಹೊತ್ತು ಮಣ್ಣೆಬ್ಬಿಸಿಕೊಂಡು ಬರುವ ಬಿರುಗಾಳಿಗೆ ತಗಡು ಹಾರಿದ ಸುದ್ದಿ ಪ್ರತಿವರ್ಷ ಓದುತ್ತೇವೆ. ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗ ಗಾಳಿಗಾಗಿಯೇ ಇದೆ. ಈಗ ಚಾಲ್ತಿಯಲ್ಲಿರುವುದು 2015ರ ಆವೃತ್ತಿ. ಅದರ ಪಟ್ಟಿಯಲ್ಲಿ ನಮಗೆ ಹತ್ತಿರದ ಊರು ಕರ್ನೂಲು. ಅಲ್ಲಿಗೆ ಲೆಕ್ಕ ಹಿಡಿಯಬೇಕಾದ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಬೆಂಗಳೂರಿಗೆ 33 ಮೀಟರ್. ವ್ಯತ್ಯಾಸ ಆರೇ ಮೀಟರ್ ಎನಿಸಬಹುದು. ಆದರೆ ಗಾಳಿಯ ಒತ್ತಡ ವೇಗದ ವರ್ಗದಷ್ಟು ಏರುತ್ತದೆ. 33ಕ್ಕೆ ಚದರ ಮೀಟರಿಗೆ ಸುಮಾರು 67 ಕೆ.ಜಿ. ಒತ್ತಡ ಬಂದರೆ 39ಕ್ಕೆ ಸುಮಾರು 93 ಕೆ.ಜಿ. ಬರುತ್ತದೆ. ಬೆಂಗಳೂರಿನ ಯಾವುದೋ ಗೋದಾಮಿನ ಡ್ರಾಯಿಂಗ್ ತಂದು ಹೆಸರು ಬದಲಿಸಿ ಇಲ್ಲಿ ನಿಲ್ಲಿಸಿದರೆ, ನಮ್ಮ ಗಾಳಿಯ ಒತ್ತಡ ಆ ಲೆಕ್ಕಕ್ಕಿಂತ ಶೇ 40ರಷ್ಟು ಹೆಚ್ಚಿರುತ್ತದೆ.

ಗಾಳಿ ಶೆಡ್ಡನ್ನು ತಳ್ಳುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಎತ್ತುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಕಡಿಮೆ ಇಳಿಜಾರಿನ ಚಾವಣಿಯ ಮೇಲೆ ಗಾಳಿ ಹಾಯುವಾಗ ತಗಡನ್ನು ಮೇಲಕ್ಕೆ ಹೀರುತ್ತದೆ. ಒಂದು ಬದಿಯ ಶಟರ್ ತೆರೆದಿದ್ದರೆ ಒಳಹೊಕ್ಕ ಗಾಳಿ ಕೆಳಗಿನಿಂದಲೂ ಒತ್ತುತ್ತದೆ; ಬಿರುಗಾಳಿಗೆ ಕೊಡೆ ತಿರುವಿಬೀಳುವುದು ಇದೇ ಕಾರಣಕ್ಕೆ. 100 ಅಡಿ ಉದ್ದ, 60 ಅಡಿ ಅಗಲದ ಚಾವಣಿ ಎಂದರೆ ಸುಮಾರು 557 ಚದರ ಮೀಟರ್. 93 ಕೆ.ಜಿ. ಲೆಕ್ಕದಲ್ಲಿ ಅದನ್ನು ಎತ್ತುವ ಬಲ 50 ಟನ್ ದಾಟುತ್ತದೆ. ಕಟ್ಟಡದ ಎತ್ತರ, ಸುತ್ತಲಿನ ಬಯಲು, ಬಾಗಿಲುಗಳ ಅಳತೆ ನೋಡಿ ಎಂಜಿನಿಯರು ಈ ಅಂಕಿಯನ್ನು ಏರಿಸುತ್ತಾರೆ, ಇಳಿಸುತ್ತಾರೆ. ಅರ್ಧ ಮಿಲಿಮೀಟರ್ ತಗಡಿನ ತೂಕವೋ ಚದರ ಮೀಟರಿಗೆ ನಾಲ್ಕೈದು ಕೆ.ಜಿ. ಮಾತ್ರ. ಹಾಗಾಗಿ ಉಕ್ಕಿನ ಶೆಡ್ಡಿನ ಬುನಾದಿ ಭಾರ ಹೊರುವುದಕ್ಕೆ ಎಷ್ಟು ಬೇಕೋ ಕಟ್ಟಡವನ್ನು ನೆಲಕ್ಕೆ ಹಿಡಿದಿಡುವುದಕ್ಕೂ ಅಷ್ಟೇ ಬೇಕು. “ಹಗುರ ಬಿಲ್ಡಿಂಗ್ ಅದ, ಪಾಯ ಸಣ್ಣದಿದ್ರ ಸಾಕ್ರಿ” ಎನ್ನುವ ಗುತ್ತೇದಾರನಿಗೆ ಒಂದು ಲೋಟ ಚಹಾ ಕೊಟ್ಟು ಕಳಿಸಿಬಿಡಿ.

ಎರಡನೆಯ ಶತ್ರು ಕಾಲಡಿಯಲ್ಲೇ ಇದೆ. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ಕಾಲುವೆ ಸೀಮೆಯಲ್ಲಿ ಇದಕ್ಕೆ ಇನ್ನೊಂದು ತಿರುವಿದೆ: ಶೆಡ್ಡಿನ ಒಂದು ಮಗ್ಗುಲಿಗೆ ಭತ್ತದ ಗದ್ದೆ ನೀರು ನಿಂತು ಹಸಿಯಾಗಿರುತ್ತದೆ, ಇನ್ನೊಂದು ಮಗ್ಗುಲಿನ ರಸ್ತೆ ಬದಿ ಒಣಗಿರುತ್ತದೆ. ಒಂದೇ ಕಟ್ಟಡದ ಕಂಬಗಳು ಎರಡು ಬಗೆಯ ನೆಲದ ಮೇಲೆ ನಿಂತಂತೆ. ನೆಲಹಾಸು ಎದ್ದು ಬಿರಿಯುವುದು, ಕಂಬಗಳ ನಡುವಿನ ಇಟ್ಟಿಗೆ ಗೋಡೆ ಸೀಳುವುದು, ಸರಿಯುವ ಬಾಗಿಲು ಸಿಕ್ಕಿಕೊಳ್ಳುವುದು ಇದರಿಂದಲೇ. ಎರೆ ತೆಳ್ಳಗಿದ್ದರೆ ಪೂರ್ತಿ ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಬಹುದು. ಆಳವಾಗಿದ್ದರೆ ತುದಿಯಲ್ಲಿ ಗೆಡ್ಡೆಯಂತೆ ಉಬ್ಬಿಸಿದ ಅಂಡರ್‌ರೀಮ್ಡ್ ಪೈಲ್ ಹಾಕುವುದು ರೂಢಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ನಮ್ಮಂಥ ಕಪ್ಪುಮಣ್ಣಿಗೆಂದೇ ಬೆಳೆಸಿದ ವಿಧಾನ ಅದು. ಆಳದ ಎರೆಯಲ್ಲಿ ಅಂಥ ಪೈಲು ನೆಲಮಟ್ಟದಿಂದ ಕನಿಷ್ಠ ಮೂರೂವರೆ ಮೀಟರ್ ಇಳಿಯಬೇಕು ಎನ್ನುತ್ತದೆ ಪೈಲುಗಳ ಭಾರತೀಯ ಮಾನಕ. ಮೇಲಿನ ಒಣ-ಹಸಿಯ ಆಟ ಅಲ್ಲಿಗೆ ಮುಟ್ಟುವುದಿಲ್ಲ. ನಿಮ್ಮ ಹೊಲದಲ್ಲಿ ಯಾವುದು ಬೇಕು ಎಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕೇ ಹೊರತು ಪಕ್ಕದ ಹೊಲದವರ ಅನುಭವವಲ್ಲ. ಗೊಬ್ಬರಕ್ಕಾಗಿ ಮಾಡಿಸುವ ಮಣ್ಣು ಪರೀಕ್ಷೆ ಇದಲ್ಲ; ನೆಲ ಎಷ್ಟು ಭಾರ ತಾಳುತ್ತದೆ, ಎಷ್ಟು ಉಬ್ಬುತ್ತದೆ ಎಂದು ಅಳೆಯುವ ಪರೀಕ್ಷೆ ಬೇರೆ. ಸಿವಿಲ್ ವಿಭಾಗ ಇರುವ ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಖಾಸಗಿ ಪ್ರಯೋಗಾಲಯಗಳಲ್ಲಿ ಮಾಡಿಕೊಡುತ್ತಾರೆ. ದರ ಹೇಳುವ ಮುಂಚೆ ಈ ವರದಿ ಕೇಳದ ಗುತ್ತೇದಾರ ಪಾಯದ ದರವನ್ನು ಊಹೆಯಿಂದ ಹೇಳುತ್ತಿದ್ದಾನೆ ಎಂದೇ ಅರ್ಥ.

ಇನ್ನು ತೂಕ. ಸಿಂಧನೂರಿನಲ್ಲಿ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಭತ್ತ ಮಾರುವ ರೈತ ಕಾಟಾದ ಮೇಲೆ ಲಾರಿ ಹತ್ತಿಸಿ ಚೀಟಿ ತೆಗೆದುಕೊಳ್ಳದೆ ಹಣ ಮಾತಾಡುವುದಿಲ್ಲ. ಅದೇ ರೈತ ಹತ್ತಾರು ಲಕ್ಷದ ಉಕ್ಕು ಬಂದ ಲಾರಿಯನ್ನು ನೇರ ಹೊಲಕ್ಕೆ ಬಿಟ್ಟುಕೊಳ್ಳುತ್ತಾನೆ! ಚದರಡಿ ದರದಲ್ಲಿ ಒಪ್ಪಂದವಾದರೆ ಉಕ್ಕು ಕಡಿಮೆ ಹಾಕಿದಷ್ಟೂ ಗುತ್ತೇದಾರನಿಗೆ ಲಾಭ. ಕೆ.ಜಿ. ದರದಲ್ಲಾದರೆ ಹೆಚ್ಚು ಹಾಕಿದಷ್ಟೂ ಲಾಭ. ಎರಡಕ್ಕೂ ಮದ್ದು ಒಂದೇ: ಯಾವ ತುಂಡು, ಎಷ್ಟು ದಪ್ಪ, ಎಷ್ಟು ಉದ್ದ, ಎಷ್ಟು ತೂಕ ಎಂಬ ಪಟ್ಟಿ ಡ್ರಾಯಿಂಗಿನ ಜತೆಯೇ ಇರಬೇಕು, ಬಂದ ಸರಕನ್ನು ಅದಕ್ಕೆ ಹೋಲಿಸಿ ತೂಗಬೇಕು. ಲೆಕ್ಕ ಕಷ್ಟದ್ದಲ್ಲ. ಒಂದು ಮಿಲಿಮೀಟರ್ ದಪ್ಪದ, ಒಂದು ಚದರ ಮೀಟರ್ ಉಕ್ಕಿನ ಹಲಗೆ 7.85 ಕೆ.ಜಿ. ತೂಗುತ್ತದೆ; ದಪ್ಪಕ್ಕೆ ತಕ್ಕಂತೆ ಗುಣಿಸಿಕೊಳ್ಳಿ. ಸರಕಿನ ಜತೆ ಕಾರ್ಖಾನೆಯ ಪರೀಕ್ಷಾ ಪ್ರಮಾಣಪತ್ರವೂ ಬರಬೇಕು. ಐಎಸ್ 2062ರಡಿ ಇ250, ಇ350 ಎಂಬ ದರ್ಜೆಗಳಿವೆ. ಇ350ರ ಲೆಕ್ಕದಲ್ಲಿ ತೆಳ್ಳಗೆ ಮಾಡಿದ ತೊಲೆಯನ್ನು ಇ250 ಉಕ್ಕಿನಿಂದ ಮಾಡಿದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ, ಬಲದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಖೋತಾ.

ತಗಡಿನ ಆಟವೇ ಬೇರೆ. ‘ಪಾಯಿಂಟ್ ಫೈವ್’ ಎಂದು ಮಾತಾಗಿರುತ್ತದೆ. ಬಣ್ಣ, ಲೇಪನ ಎಲ್ಲ ಸೇರಿ 0.50 ಮಿ.ಮೀ.ಯೋ, ಒಳಗಿನ ಉಕ್ಕೇ 0.50 ಮಿ.ಮೀ.ಯೋ ಎಂದು ಯಾರೂ ಬಾಯಿ ಬಿಡುವುದಿಲ್ಲ. ಒಪ್ಪಂದದಲ್ಲಿ ಬರೆಸಿ, ಬಂದ ಮೇಲೆ ಮೈಕ್ರೋಮೀಟರ್ ಹಿಡಿದು ನೋಡಿ. ಒಳ್ಳೆಯ ತಗಡಿನ ಹಿಂಬದಿಯಲ್ಲಿ ದಪ್ಪ, ಲೇಪನ, ಮಾನಕದ ನಂಬರು ಅಚ್ಚಾಗಿರುತ್ತದೆ. ಅಚ್ಚಿಲ್ಲದ ತಗಡು ಹೊಳೆಯುತ್ತಿದ್ದರೂ ಬೇಡ.

ಚೌಕಟ್ಟು ನಿಲ್ಲಿಸುವ ಕೆಲಸದ ಮಾತಿಗೆ ಬಂದರೆ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಅರವತ್ತು ಅಡಿ ಅಗಲದ ಬಾಯಿ ತೆರೆದು ನಮ್ಮ ಕಾಲುವೆಯ ನೀರು ನದಿ ಪಾಲಾಗುತ್ತಿತ್ತು. ತಾತ್ಕಾಲಿಕ ಸ್ಟಾಪ್‌ಲಾಗ್ ಹಲಗೆಗಳನ್ನು ಹೊಸಪೇಟೆ, ತೋರಣಗಲ್ಲು ಕಡೆಯ ಕಾರ್ಖಾನೆಗಳು ಹಗಲು ರಾತ್ರಿ ದುಡಿದು ಕೆಲವೇ ದಿನಗಳಲ್ಲಿ ಮಾಡಿಕೊಟ್ಟವು. ಉಕ್ಕಿಗೆ ಬರವಿರಲಿಲ್ಲ, ಬೆಸೆಯುವ ಕೈಗಳಿಗೂ ಬರವಿರಲಿಲ್ಲ. ಬೇಕಿದ್ದದ್ದು ಹರಿಯುವ ನೀರಿನ ಎದುರು ಯಾವ ತುಂಡನ್ನು ಯಾವ ಕ್ರಮದಲ್ಲಿ ಇಳಿಸಬೇಕು ಎಂದು ಬಲ್ಲವರು. ನಿವೃತ್ತ ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರನ್ನು ಕರೆಸಿದ್ದು ಅದಕ್ಕೆ. ಆಗಸ್ಟ್ 17ರ ಹೊತ್ತಿಗೆ ಕಿಂಡಿ ಮುಚ್ಚಿತು, ಆ ವರ್ಷದ ಭತ್ತ ಉಳಿಯಿತು.

ಗೋದಾಮಿನ ಕೆಲಸದಲ್ಲೂ ಕ್ರಮವೇ ಎಲ್ಲ. ಉಕ್ಕಿನ ಚೌಕಟ್ಟು ಪೂರ್ತಿಯಾದ ಮೇಲೆ ಬಲಶಾಲಿ. ಅರ್ಧ ನಿಂತಾಗ ಬಹಳ ದುರ್ಬಲ. ಮೊದಲು ಬ್ರೇಸಿಂಗ್ ಇರುವ ಒಂದು ಖಣದ ನಾಲ್ಕು ಕಂಬ, ಎರಡು ತೊಲೆ ನಿಲ್ಲಿಸಿ, ಅಡ್ಡ ಸರಳು ಬಿಗಿದು, ಅದು ಅಲುಗದಂತಾದ ಮೇಲೆ ಮುಂದಿನ ಖಣವನ್ನು ಅದಕ್ಕೆ ಜೋಡಿಸುತ್ತ ಹೋಗಬೇಕು. ಅವಸರದ ಗುತ್ತೇದಾರ ಹೈಡ್ರಾ ಕ್ರೇನಿನ ಬಾಡಿಗೆ ಉಳಿಸಲು ಎಲ್ಲ ಕಂಬಗಳನ್ನೂ ಒಂದೇ ದಿನ ಎತ್ತಿ ನಿಲ್ಲಿಸಿ ಬ್ರೇಸಿಂಗ್ ನಾಳೆಗೆ ಬಿಡುತ್ತಾನೆ. ಆ ರಾತ್ರಿ ಗಾಳಿ ಬಂದರೆ ಒಂದು ಕಂಬ ಇನ್ನೊಂದನ್ನು ಎಳೆದುಕೊಂಡು ಸಾಲಾಗಿ ಮಲಗುತ್ತದೆ. ಪಾಯದಲ್ಲಿ ಹೂಳುವ ಆಂಕರ್ ಬೋಲ್ಟುಗಳ ಅಂತರ ತಪ್ಪಿದಾಗ ಬೇಸ್ ಪ್ಲೇಟಿನ ತೂತನ್ನು ಗ್ಯಾಸಿನಿಂದ ಸುಟ್ಟು ದೊಡ್ಡದು ಮಾಡುವುದು, ಬೋಲ್ಟು ಕೂರದ ಕಡೆ ವೆಲ್ಡಿಂಗ್ ಹೊಡೆದು ಮುಚ್ಚುವುದು: ಇವು ಕಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಡಿಸೈನ್ ಮಾಡಿದ ಎಂಜಿನಿಯರನ್ನು ಕರೆಸಿ.

ಆ ಎಂಜಿನಿಯರು ಸ್ಥಳ ನೋಡಿದ್ದಾರೆಯೇ ಎಂಬುದೂ ಕೇಳಬೇಕಾದ ಪ್ರಶ್ನೆ. ಈಗ ಡಿಸೈನು ಹೈದರಾಬಾದಿನಿಂದಲೋ ಪುಣೆಯಿಂದಲೋ ಮೊಬೈಲಿಗೆ ಬಂದುಬಿಡುತ್ತದೆ. ದೂರದಲ್ಲಿ ಕೂತು ನಡೆಸಿದ ಕೆಲಸ ಏನಾಗಬಹುದು ಎಂಬುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಕೆನಡಾದ ಕ್ವಿಬೆಕ್ ಸೇತುವೆಯ ಮುಖ್ಯ ಸಲಹೆಗಾರ ಥಿಯೋಡರ್ ಕೂಪರ್ ನ್ಯೂಯಾರ್ಕಿನಲ್ಲಿ ಕೂತೇ ಕೆಲಸ ನೋಡಿಕೊಳ್ಳುತ್ತಿದ್ದರು. ನಡುವಿನ ಅಂತರವನ್ನು 1600 ಅಡಿಯಿಂದ 1800 ಅಡಿಗೆ ಹಿಗ್ಗಿಸಿದಾಗ ಉಕ್ಕಿನ ತೂಕವನ್ನು ಮತ್ತೆ ಲೆಕ್ಕ ಹಾಕಲಿಲ್ಲ. ಹಲಗೆಗಳು ಬಾಗುತ್ತಿವೆ ಎಂದು ತಿಳಿದು ತಂತಿ ಕಳಿಸಿದರು. ಕೆಲಸ ನಿಲ್ಲುವ ಮುಂಚೆಯೇ, 1907ರ ಆಗಸ್ಟ್ 29ರಂದು, ಸೇತುವೆ ಕುಸಿಯಿತು. ಮೇಲಿದ್ದ 86 ಜನರಲ್ಲಿ 75 ಮಂದಿ ಸತ್ತರು. ನಮ್ಮ ಶೆಡ್ಡಿಗೂ ಆ ಸೇತುವೆಗೂ ಸಾಟಿ ಇಲ್ಲ, ನಿಜ. “ಇನ್ನ ಹತ್ತಡಿ ಅಗಲ ಮಾಡಿಬಿಡ್ರಿ” ಎಂದು ಮಾಲೀಕ ನಡುವೆ ಹೇಳುವುದು, ಗುತ್ತೇದಾರ ಹೂಂಗುಟ್ಟಿ ಅದೇ ತೊಲೆಗೆ ತುಂಡು ಬೆಸೆಯುವುದು ಮಾತ್ರ ಇಲ್ಲಿ ನಡೆಯುತ್ತಲೇ ಇದೆ.

ಮಾಲೀಕರೂ ಮುಚ್ಚಿಡಬಾರದ ವಿಷಯಗಳಿವೆ. ನಾಳೆ ಚಾವಣಿಯ ಮೇಲೆ ಸೋಲಾರ್ ಹಾಕಿಸುವ ಮನಸ್ಸಿದ್ದರೆ ಇಂದೇ ಹೇಳಬೇಕು. ಫಲಕ, ಅದರ ಚೌಕಟ್ಟು ಸೇರಿ ಚದರ ಮೀಟರಿಗೆ ಸುಮಾರು 15 ಕೆ.ಜಿ. ಹೆಚ್ಚುವರಿ ಭಾರ ಬೀಳುತ್ತದೆ. ಚೀಲಗಳನ್ನು ಗೋಡೆಗೆ ಆನಿಸಿ ಒಟ್ಟುತ್ತೀರಾ, ಕಾಳನ್ನು ರಾಶಿ ಸುರಿಯುತ್ತೀರಾ ಎಂಬುದನ್ನೂ ಹೇಳಬೇಕು. ಸುರಿದ ಕಾಳು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ; ತಗಡಿನ ಗೋಡೆ ಗಾಳಿಗಾಗಿ ಮಾಡಿದ್ದು, ಕಾಳಿಗಲ್ಲ. ಧಾನ್ಯದ ಭಾರವನ್ನು ಹಗುರವಾಗಿ ಎಣಿಸಬಾರದು. 2023ರ ಡಿಸೆಂಬರ್ ಆರಂಭದಲ್ಲಿ ವಿಜಯಪುರದ ಅಲಿಯಾಬಾದ್ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು, ರಾಶಿಯಡಿ ಸಿಕ್ಕ 7 ಕಾರ್ಮಿಕರು ಪ್ರಾಣ ಬಿಟ್ಟರು. ಹೊಟ್ಟೆಪಾಡಿಗೆ ಬಿಹಾರದಿಂದ ಬಂದವರು.

ಶೆಡ್ಡು ಏರುವ ಹುಡುಗರೂ ಬಹುಪಾಲು ಹಾಗೆ ದೂರದಿಂದ ಬಂದವರೇ. ಸೊಂಟಕ್ಕೆ ಬೆಲ್ಟು, ತಲೆಗೆ ಹೆಲ್ಮೆಟ್ಟು ಇಲ್ಲದೆ ಮೂವತ್ತು ಅಡಿ ಎತ್ತರದಲ್ಲಿ, ತಗಡು ಹೊರುವ ಅಡ್ಡಪಟ್ಟಿಗಳ (ಪರ್ಲಿನ್) ಮೇಲೆ ನಡೆಯುತ್ತಾರೆ. ಬೆಳಕಿಗೆಂದು ಹಾಕಿದ ಪಾರದರ್ಶಕ ತಗಡಿನ ಮೇಲೆ ಕಾಲಿಟ್ಟು ಒಳಗೆ ಬೀಳುತ್ತಾರೆ. ಕೆಲಸಗಾರರ ವಿಮೆ, ಕಟ್ಟಡ ನಿಲ್ಲಿಸುವಾಗಿನ ವಿಮೆ ಎರಡೂ ಇವೆಯೇ ಎಂದು ಕಾಗದ ಕೇಳಿ ನೋಡಿ. ಅನಾಹುತವಾದರೆ ಗುತ್ತೇದಾರ ಫೋನ್ ಆಫ್ ಮಾಡಬಹುದು, ಜಮೀನಿನ ಮಾಲೀಕ ಎಲ್ಲಿಗೂ ಹೋಗುವಂತಿಲ್ಲ. ಹೊಣೆ ಅವನ ತಲೆಗೂ ಬರುತ್ತದೆ.

ಹಿಂದೆ ಮಾಡಿದ ಕೆಲಸ ತೋರಿಸಿ ಎಂದರೆ ಎಲ್ಲರೂ ಹೊಸ ಶೆಡ್ಡು ತೋರಿಸುತ್ತಾರೆ. ಐದು ವರ್ಷ ಹಳೆಯದನ್ನು ಕೇಳಿ. ಗುತ್ತೇದಾರನನ್ನು ಬಿಟ್ಟು, ಸಾಧ್ಯವಾದರೆ ಮಳೆಯಿದ್ದ ದಿನ ಹೋಗಿ. ಕಂಬದ ಬುಡದಲ್ಲಿ ತುಕ್ಕು ಹಿಡಿದಿದೆಯೇ, ಗಟರ್ ಒಳಗೆ ಸೋರುತ್ತದೆಯೇ, ಬ್ರೇಸಿಂಗ್ ಸರಳು ಬಿಗಿಯಾಗಿವೆಯೇ ಎಂದು ನೋಡಿ. ಆ ಮಾಲೀಕನಿಗೆ ಒಂದೇ ಮಾತು ಕೇಳಿದರೆ ಸಾಕು: ಮುಕ್ಕಾಲು ಹಣ ಕೊಟ್ಟ ಮೇಲೆ ಆತ ಎಷ್ಟು ಸಲ ಬಂದ?

ನನ್ನನ್ನು ಕೇಳಿದರೆ ಕಟ್ಟಿಸುವವರು ಮಾಡಬೇಕಾದ ಅತಿ ಮುಖ್ಯ ಖರ್ಚು ಉಕ್ಕಿನದ್ದಲ್ಲ. ಗುತ್ತೇದಾರನಿಗೆ ಸಂಬಂಧವಿಲ್ಲದ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರಿಗೆ ಶುಲ್ಕ ಕೊಟ್ಟು ಡ್ರಾಯಿಂಗ್ ಪರಿಶೀಲನೆ ಮಾಡಿಸುವುದು, ಪಾಯ ಹಾಕುವಾಗ ಒಮ್ಮೆ, ಮೊದಲ ಖಣ ನಿಂತಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ಅವರನ್ನು ಕರೆಸುವುದು. ಒಟ್ಟು ವೆಚ್ಚದಲ್ಲಿ ಇದು ಸಣ್ಣ ಪಾಲು. ಬ್ಯಾಂಕಿನವರು ಕೇಳಲಿಲ್ಲ, ಪಂಚಾಯಿತಿಯವರು ಕೇಳಲಿಲ್ಲ ಎಂದು ಬಿಡುವಂಥದ್ದಲ್ಲ.

ಹಣವನ್ನು ಹಂತ ಹಂತವಾಗಿ ಕೊಡಿ: ಸರಕು ಬಂದು ಕಾಟಾದಲ್ಲಿ ತೂಗಿದ ಮೇಲೆ ಒಂದು ಕಂತು, ಚೌಕಟ್ಟು ನಿಂತ ಮೇಲೆ ಒಂದು, ತಗಡು ಹೊದಿಸಿದ ಮೇಲೆ ಒಂದು. ಶೇ 5ರಿಂದ 10ರಷ್ಟು ಹಣವನ್ನು ಏಪ್ರಿಲ್-ಮೇ ಗಾಳಿ, ಒಂದು ಪೂರ್ತಿ ಮಳೆಗಾಲ ಕಳೆಯುವವರೆಗೆ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ, ಅದನ್ನು ಒಪ್ಪಂದದಲ್ಲೇ ಬರೆಸಿ. ತನ್ನ ಕೆಲಸದ ಮೇಲೆ ನಂಬಿಕೆ ಇರುವ ಗುತ್ತೇದಾರ ಇದಕ್ಕೆ ಒಪ್ಪುತ್ತಾನೆ. ಒಪ್ಪದವನಿಗೆ, ಅವನ ದರ ಎಷ್ಟೇ ಕಡಿಮೆ ಇರಲಿ, ಕೆಲಸ ಕೊಡಬೇಡಿ.